ಹೂವಿನಮ್ಮ ಹೇಳಿದ ‘ಊ’

ಅವಳ ಬಲಗಾಲಿನ ಹೆಬ್ಬೆರಳಿನ ಬುಡದಲ್ಲಿ ಉಂಗುರ ತೊಟ್ಟ ಹಾಗೆ ಒಂದು ಗೆರೆ ಇತ್ತು. ಹೂ ಕಟ್ಟುವ ದಾರದ ಒಂದು ತುದಿಯನ್ನು ಆ ಬೆರಳಿಗೆ ಸುತ್ತಿ ಬಿಗಿ ಹಿಡಿದು, ಎರಡೂ ಕೈಯಲ್ಲಿ ಹೂವು ಜೋಡಿಸುತ್ತಿದ್ದಳು. ವರ್ಷಗಟ್ಟಲೆ ಎಳೆದೆಳೆದು ದಾರ ಅಲ್ಲಿ ತನ್ನ ಜಾಗ ಮಾಡಿಕೊಂಡಿತ್ತು. ಹೋದ ತಿಂಗಳು ಅವಳಿಗೆ ಕೊನೆಯ ಸ್ನಾನ ಮಾಡಿಸುವಾಗ ಕಾಲು ತೊಳೆದವಳು ನಾನು. ಹಚ್ಚಿದ ಅರಿಶಿನ ಬೇರೆ ಕಡೆ ಎಲ್ಲಾ ತೆಳುವಾಗಿ ಹರಡಿತು, ಆ ಗೆರೆಯೊಳಗೆ ಮಾತ್ರ ದಪ್ಪಗೆ ನಿಂತಿತು. ಅದನ್ನು ಒರೆಸಲು ನನಗೆ ಮನಸ್ಸಾಗಲಿಲ್ಲ.

ಊರಿಗೆಲ್ಲ ಅವಳು ಹೂವಿನಮ್ಮ. ನಾನೂ ಹಾಗೇ ಕರೆದೆ. ನಮ್ಮಪ್ಪನನ್ನು ಮದುವೆಯಾಗಿ ನಮ್ಮ ಮನೆಗೆ ಬಂದಮೇಲೂ ಹಾಗೇ ಕರೆದೆ. ಅವ್ವ ಅನ್ನು ಅಂತ ಅವಳು ಕೇಳಲಿಲ್ಲ. ಕೇಳಿದ್ದರೆ ಅನ್ನುತ್ತಿದ್ದೆನೋ ಏನೋ, ಈಗ ಹೇಳುವುದು ಕಷ್ಟ.

ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡಿನ ಹತ್ತಿರ ಅಪ್ಪನ ಪಂಕ್ಚರ್ ಅಂಗಡಿ. ಅದರ ಪಕ್ಕದ ಗೋಡೆಗೆ ಒರಗಿಕೊಂಡು ಹೂವಿನಮ್ಮನ ಬುಟ್ಟಿ. ದಿನಾ ಪಾಲಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದು, ಸಂಜೆ ಬುಟ್ಟಿ ಖಾಲಿಯಾದ ಮೇಲೆ ಹೋಗುತ್ತಿದ್ದಳು. ಬಂದ ಕೂಡಲೇ ಅಪ್ಪನ ಅಂಗಡಿಯಿಂದ ಒಂದು ಚೊಂಬು ನೀರು ತೆಗೆದುಕೊಂಡು ಹೂವಿಗೆ ಚಿಮುಕಿಸುವುದು. ಅದಕ್ಕೆ ಅವಳು ಕೇಳುತ್ತಿರಲಿಲ್ಲ, ಇವನು ಕೊಡುತ್ತಿರಲಿಲ್ಲ. ಚೊಂಬು ತುಂಬಿ ಹೊಸಿಲ ಮೇಲೆ ಇರುತ್ತಿತ್ತು, ಅಷ್ಟೆ.

ಅಪ್ಪನಿಗೆ ಮಾತು ಕಡಿಮೆ. ಗಾಡಿ ತಳ್ಳಿಕೊಂಡು ಬಂದವರನ್ನು ಯಾವ ಚಕ್ರ ಅಂತ ತಿಳಿಯಲು “ಮುಂದ್ಕಾ, ಇಂದ್ಕಾ?” ಅಂತ ಕೇಳಿದರೆ ಆ ಗಿರಾಕಿಯ ಜೊತೆ ಅವನ ಮಾತು ಮುಗಿಯಿತು. ಹೂವಿನಮ್ಮ ಅದಕ್ಕೆ ತದ್ವಿರುದ್ಧ. ಒಮ್ಮೆ ಯಾರೋ ಒಬ್ಬರು “ನಿನ್ ಮೊಳ ಬಲೇ ಚಿಕ್ಕದು ಕಣಮ್ಮ” ಅಂದರು. ಅವಳು ತಲೆ ಎತ್ತದೆ, “ನನ್ ಕೈ ಇರೋದೇ ಇಷ್ಟುದ್ದ ಕಣಪ್ಪ. ಬೇಕಾದ್ರೆ ನಿನ್ ಕೈಲೇ ಅಳ್ಕಾ. ನಿನ್ನೆಂಡ್ತಿ ಮುಡ್ಕಂಡ್ ಬೀದಿ ಗುಡುಸ್ಕಂಡ್ ಬರ್ಲಿ” ಅಂದಳು. ಕೈ ಗಿಡ್ಡ ಅನ್ನುವುದು ಅವಳಿಗೂ ಗೊತ್ತಿತ್ತು. ಅದಕ್ಕೇ ಮೊಳ ಅಳೆದ ಮೇಲೆ ನಾಲ್ಕು ಬೆರಳು ಸೇರಿಸಿಯೇ ಕತ್ತರಿಸುತ್ತಿದ್ದಳು. ಬಾಯಿ ಜಗಳ ಆಡುತ್ತಿದ್ದರೂ ಬೆರಳು ಸೇರಿಸುವುದು ನಿಲ್ಲುತ್ತಿರಲಿಲ್ಲ.

ಅಷ್ಟು ಹೂವಿನ ನಡುವೆ ಕೂತವಳ ತಲೆಯಲ್ಲಿ ಒಂದು ಎಸಳೂ ಇರುತ್ತಿರಲಿಲ್ಲ. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಯಾರಾದರೂ ಅದನ್ನು ಕೆದಕಿದರೆ “ಬುಡು ಅತ್ತಾಗೆ” ಅಂತ ಮಾತು ಮುಗಿಸುತ್ತಿದ್ದಳು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮವ್ವ ಸತ್ತಳು. ಆಗಿನಿಂದ ಪ್ರತಿ ಶುಕ್ರವಾರ ಅಪ್ಪ ಅವ್ವನ ಫೋಟೋಕ್ಕೆ ಒಂದು ಮೊಳ ಹೂವು ತರುತ್ತಿದ್ದ. ಹೋಗಿ ನಿಲ್ಲುವುದು, ಅವಳು ಕತ್ತರಿಸಿ ಎಲೆಯಲ್ಲಿ ಸುತ್ತಿ ಕೊಡುವುದು. ಒಂದು ಶುಕ್ರವಾರ ಅಪ್ಪನಿಗೆ ಜ್ವರ, ಅಂಗಡಿ ತೆಗೆದಿರಲಿಲ್ಲ. ಸ್ಕೂಲು ಮುಗಿಸಿ ಬಾಬುರಾಯನಕೊಪ್ಪಲಿನ ನಮ್ಮ ಮನೆಗೆ ನಡೆದುಹೋಗುತ್ತಿದ್ದ ನನ್ನನ್ನು ಹೂವಿನಮ್ಮ ಕರೆದಳು. ಒಂದು ಪೊಟ್ಟಣ ಕೈಗಿಟ್ಟು, “ತಕ್ಕಂಡೋಗಮ್ಮಿ. ನಿಮ್ಮವ್ವ ಕಾಯ್ತಿರ್ತಾಳೆ” ಅಂದಳು. ಅವ್ವ ಸತ್ತಮೇಲೆ ಎಲ್ಲರೂ ಅವಳನ್ನು “ಇದ್ದಳು, ಮಾಡುತ್ತಿದ್ದಳು” ಅಂತಲೇ ಹೇಳುತ್ತಿದ್ದರು. ಕಾಯುತ್ತಿರುತ್ತಾಳೆ ಅಂದವಳು ಇವಳೊಬ್ಬಳೇ. ಆ ದಿನ ನಾನು ಓಡಿಕೊಂಡು ಮನೆಗೆ ಹೋದೆ.

ವರ್ಷಗಳು ಕಳೆದವು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಗಾರ್ಮೆಂಟ್ಸಿಗೆ ಸೇರಿದೆ. ಒಂದು ಆಯುಧಪೂಜೆ ಆದ ಮೇಲೆ ಅವ್ವನ ಫೋಟೋದ ಹೂವು ಇದ್ದಕ್ಕಿದ್ದಂತೆ ಚಿಕ್ಕದಾಯಿತು. ಮೊದಲು ಚೌಕಟ್ಟಿನ ಎರಡೂ ಬದಿ ಇಳಿಬೀಳುತ್ತಿತ್ತು, ಈಗ ಮೇಲಿನ ಅಂಚಿಗೇ ಸರಿಹೋಗುತ್ತಿತ್ತು. ಕೈಯಲ್ಲಿ ಅಳೆದು ನೋಡಿದೆ. ನಾಲ್ಕು ಬೆರಳು ಇರಲಿಲ್ಲ. ಅಂಗಡಿಯ ಹತ್ತಿರ ಹೋದರೆ ಹೊಸಿಲ ಮೇಲೆ ಚೊಂಬು ತುಂಬಿದ್ದ ಹಾಗೇ ಇತ್ತು. ಹೂವಿನಮ್ಮ ಬಸ್‌ಸ್ಟ್ಯಾಂಡಿನ ನಲ್ಲಿಯಿಂದ ನೀರು ಹೊತ್ತು ತರುತ್ತಿದ್ದಳು. ಇಬ್ಬರನ್ನೂ ಕೇಳಿದೆ. ಅವಳು “ಬುಡು ಅತ್ತಾಗೆ” ಅಂದಳು. ಅಪ್ಪ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಬರುತ್ತದೆ ಅಂತ ನೋಡುತ್ತಾ ಕೂತ.

ಏಳೆಂಟು ತಿಂಗಳು ಹೀಗೇ ನಡೆಯಿತು. ಅಷ್ಟರಲ್ಲಿ ನನಗೆ ಒಂದು ವಿಷಯ ಅರ್ಥವಾಗಿತ್ತು. ಅವ್ವ ಸತ್ತಾಗ ಊಟ ಬಿಟ್ಟ ಹಾಗೆಯೇ ಅಪ್ಪ ಈಗಲೂ ಬಿಡುತ್ತಿದ್ದ. ಅರ್ಧ ಮುದ್ದೆ ತಟ್ಟೆಯಲ್ಲೇ ಉಳಿಯುತ್ತಿತ್ತು.

ಆ ಹೊತ್ತಿನಲ್ಲಿ ಗಾರ್ಮೆಂಟ್ಸಿನಲ್ಲಿ ಎಲ್ಲರ ಬಾಯಲ್ಲೂ ಒಂದು ಸಿನಿಮಾ. ಒಬ್ಬ ಆಟೋದವನು, ಒಬ್ಬಳು ಆಸ್ಪತ್ರೆಯ ಆಯಾ. ಇಬ್ಬರಿಗೂ ಮನಸ್ಸು, ಇಬ್ಬರಿಗೂ ಭಯ, ನಗಿಸುತ್ತಾ ಅಳಿಸುತ್ತಾರೆ ಅಂತ ಹೇಳುತ್ತಿದ್ದರು. ಪಾಂಡವಪುರದ ಟಾಕೀಸಿಗೆ ಬಂದಿತ್ತು. ಇಬ್ಬರನ್ನೂ ಅಲ್ಲಿಗೆ ಹೊರಡಿಸಿದೆ. ನಾನು ಅಪ್ಪನಿಗೆ ಹೂವಿನಮ್ಮ ಬರುತ್ತಾಳೆ ಅಂತ ಹೇಳಲಿಲ್ಲ, ಅವಳಿಗೆ ಅಪ್ಪ ಬರುತ್ತಾನೆ ಅಂತ ಹೇಳಲಿಲ್ಲ. ಶ್ರೀರಂಗಪಟ್ಟಣದವರ ಕಣ್ಣಿಗೆ ಬೀಳುವುದು ಬೇಡ ಅಂತ ಪಾಂಡವಪುರ ಆರಿಸಿದರೆ ಬಸ್ಸಿನಲ್ಲಿ ಅರ್ಧ ಜನ ಅವಳ ಗಿರಾಕಿಗಳೇ. “ಏನು ಊವಿನಮ್ಮ, ಪಾಂಡವಪುರ್ದಲ್ಲೂ ಯಾಪಾರ್ವಾ?” ಅಂತ ಒಬ್ಬ ಕೇಳಿದ. “ಊ ಕಣಪ್ಪ, ಅಲ್ಲೋರಿಗೂ ತಲೆ ಅದೆ” ಅಂದಳು. ಅಪ್ಪ ಡ್ರೈವರಿನ ಹಿಂದೆ ಕೂತು ಕಿಟಕಿಯಿಂದ ಕಬ್ಬಿನ ಗದ್ದೆಗಳನ್ನು ಎಣಿಸುವ ಹಾಗೆ ನೋಡುತ್ತಿದ್ದ.

ಮ್ಯಾಟ್ನಿ ಆಟ. ಇಬ್ಬರೂ ಅಕ್ಕಪಕ್ಕ ಕೂರಲು ಒಪ್ಪಲಿಲ್ಲ, ನಾನು ನಡುವೆ ಕೂತೆ. ಮಡಿಲಲ್ಲಿ ಕಡಲೆಕಾಯಿ. ಎರಡೂ ಕಡೆಯಿಂದ ಒಂದೊಂದು ಕೈ ಬರುತ್ತಿತ್ತು, ಒಂದು ಬಂದಾಗ ಇನ್ನೊಂದು ಹಿಂದಕ್ಕೆ ಹೋಗುತ್ತಿತ್ತು. ಸಿನಿಮಾದಲ್ಲಿ ಆಟೋದವನು ಬಸ್‌ಸ್ಟಾಪಿನಲ್ಲಿ ನಿಂತು ಆ ಹುಡುಗಿಯನ್ನು ಕೇಳಿಯೇ ಬಿಟ್ಟ. ಅವಳು ಸುಮ್ಮನೆ ನೆಲ ನೋಡುತ್ತಾ ನಿಂತಳು. ಅವನು ಆಟೋ ಸ್ಟಾರ್ಟ್ ಮಾಡಿಕೊಂಡು ಹೋದ.

ಹೂವಿನಮ್ಮನಿಗೆ ತಡೆಯಲಾಗಲಿಲ್ಲ. “ಬಾಯ್ ಬುಟ್ಟು ಊ ಅನ್ನಕ್ಕೆ ಏನ್ ಬಂದದೆ ಅವ್ಳಿಗೆ?” ಅಂದಳು.

ಅಪ್ಪ ತೆರೆಯ ಮೇಲಿಂದ ಕಣ್ಣು ತೆಗೆಯದೆ, “ಎಲ್ಲಾರೂ ಅನ್ನಕಿಲ್ಲ. ಕೆಲವ್ರು ಊವ ಮಾರ್ತಾರೆ” ಅಂದ.

“ಯಾರ್ ಮಾರುದ್ರು?”

“ನೀನೇಯ. ನಮ್ಮನೇಲೇ ಇದ್ಬುಡ್ತೀಯಾ ಅಂತ ಕೇಳುದ್ರೆ ಊವ ಎತ್ತಿ ಮುಂದಕ್ ಇಡುದ್ಯಲ್ಲ.”

ಹೂವಿನಮ್ಮ ನನ್ನ ಮಡಿಲ ಮೇಲೆ ಬಗ್ಗಿ ಅವನ ಮುಖದ ಹತ್ತಿರ ಬಂದಳು. “ನಾನು ಊ ಅಂದೆ. ‘ಇವತ್ತು ಬ್ಯಾಡ’ ಅಂದೋನು ನೀನು.”

“ಊವ ಬ್ಯಾಡ ಅಂದೆ. ಅವತ್ತು ಶುಕ್ರುವಾರ ಅಲ್ಲ.”

“ನಾನೆಲ್ಲಿ ಊವ ಅಂದೆ? ಊ ಅಂದೆ. ಊ.”

“ಕೈಲಿ ಊವ ಇಡ್ಕಂಡ್ ಊ ಅಂದ್ರೆ ನಾನ್ ಏನಂತ ತಿಳ್ಕಳ್ಲಿ ಕಣೇ?”

ಅಪ್ಪ ಅವಳನ್ನು ‘ಕಣೇ’ ಅಂದದ್ದು ಅದೇ ಮೊದಲು. ಅವಳೂ ಅದನ್ನು ಕೇಳಿಸಿಕೊಂಡಳು, ಹಿಂದಕ್ಕೆ ಸರಿದು ಕೂತಳು. ಹಿಂದಿನ ಸಾಲಿನಿಂದ ಯಾರೋ, “ಯಜಮಾನ್ರೇ, ಊವಿನ್ ಯಾಪಾರ ಆಚೆ ಮಡೀಕಳಿ. ಪಿಚ್ಚರ್ ನೋಡಕ್ ಬುಡಿ” ಅಂದರು.

ನಡೆದದ್ದು ಇಷ್ಟೆ. ಆಯುಧಪೂಜೆಗೆ ಅಂಗಡಿಯ ಗಾಳಿ ಮೆಷಿನ್ನಿಗೆ ಅವಳು ಸೇವಂತಿಗೆ ಹಾರ ಕಟ್ಟಿಕೊಟ್ಟಿದ್ದಳು. ಮಾರನೆಯ ದಿನ ಅಪ್ಪ ಧೈರ್ಯ ಮಾಡಿ ಕೇಳಿದ್ದ. ಮೆಷಿನ್ನು ಓಡುತ್ತಿತ್ತು, ಬಸ್ಸುಗಳು ಹಾರನ್ ಹೊಡೆಯುತ್ತಿದ್ದವು. ಅವಳಿಗೆ ಗಾಬರಿಯಾಗಿ, ಕಟ್ಟುತ್ತಿದ್ದ ಹೂವು ಕೈಯಲ್ಲಿದ್ದಂತೆಯೇ ಕೈ ಎತ್ತಿ ‘ಊ’ ಅಂದಿದ್ದಳು. ನಮ್ಮ ಕಡೆಯ ಬಾಯಲ್ಲಿ ಹೂವೂ ಊ, ಹೂಂ ಅನ್ನುವುದೂ ಊ. ಅವಳು ವ್ಯಾಪಾರದ ಮಾತಾಡಿ ತನ್ನನ್ನು ತಪ್ಪಿಸಿದಳು ಅಂದುಕೊಂಡು ಅಪ್ಪ ‘ಇವತ್ತು ಬ್ಯಾಡ’ ಅಂದುಬಿಟ್ಟ. ಕೇಳಿದ ಬಾಯಲ್ಲೇ ಇವನು ಹಿಂದೆಗೆದ, ಹೆಂಡತಿಯನ್ನು ಮರೆಯಲು ಇನ್ನೂ ಆಗಿಲ್ಲ ಅಂತ ಅವಳು ಅಂದುಕೊಂಡಳು. ಇಬ್ಬರೂ ಎರಡನೇ ಸಲ ಕೇಳುವವರಲ್ಲ. ಆ ಸಿನಿಮಾ ಹೇಗೆ ಮುಗಿಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಉಳಿದ ಹೊತ್ತೆಲ್ಲ ನಾನು ತೆರೆಯನ್ನು ನೋಡಲಿಲ್ಲ, ಕಡಲೆಕಾಯಿಗೆ ಎರಡು ಕೈ ಒಟ್ಟಿಗೆ ಬರುವುದನ್ನು ನೋಡುತ್ತಿದ್ದೆ.

ಹೊಳೆ ದಂಡೆಯ ಒಂದು ಸಣ್ಣ ಗುಡಿಯಲ್ಲಿ ಮದುವೆಯಾಯಿತು. ಅಲ್ಲಿ ಶಾಸ್ತ್ರಕ್ಕೆ ಅಂತ ಹೂವು ಮುಡಿಸಿದರು. ಮನೆಗೆ ಬಂದವಳು ಅದನ್ನು ತಾನೇ ತೆಗೆದು ಅವ್ವನ ಫೋಟೋಕ್ಕೆ ಹಾಕಿದಳು. ಅವತ್ತು ಅಪ್ಪನ ಮುಖ ಸಣ್ಣದಾಯಿತು. ಆಮೇಲೂ ಅವಳು ಮುಡಿಯಲಿಲ್ಲ. ಅವಳು ಮುಡಿಯಲಿ ಅಂತ ಅಪ್ಪ ಪ್ರತಿ ಶುಕ್ರವಾರ ಎರಡು ಮೊಳ ಕೇಳುತ್ತಿದ್ದ, ಅವಳು ಎರಡನ್ನೂ ಫೋಟೋಕ್ಕೇ ಹಾಕುತ್ತಿದ್ದಳು. “ನಾನೇ ಮುಡ್ಕಂಡ್ರೆ ಮಾರಕ್ಕೆ ಏನ್ ಉಳೀತದೆ?” ಅಂತ ತಮಾಷೆ ಮಾಡುತ್ತಿದ್ದಳು. ನಾನೊಮ್ಮೆ ಒತ್ತಾಯ ಮಾಡಿದೆ. ಆಗ ದಾರವನ್ನು ಬೆರಳಿಂದ ಬಿಚ್ಚಿಟ್ಟು ಹೇಳಿದಳು: “ಅವ್ನು ಸತ್ತಾಗ ನಾಕ್ ಜನ ಇಡ್ಕಂಡು ನನ್ ತಲೇಲಿದ್ದ ಊವ ಕಿತ್ರು ಕಣಮ್ಮಿ. ಕೂದ್ಲೂ ಬಂತು ಜೊತೇಲಿ. ಇನ್ನೊಂದ್ಸಲ ಕೀಳುಸ್ಕಳಕ್ಕೆ ನನ್ ಕೈಲಾಗಕಿಲ್ಲ. ಮುಡೀದಿದ್ರೆ ಯಾರ್ ಏನ್ ಕೀಳ್ತಾರೆ?”

ಅದನ್ನು ನಾನು ಅಪ್ಪನಿಗೆ ಹೇಳಿದೆ. ಅವನು ಎರಡು ಮೊಳ ಕೇಳುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಮನೆಯಲ್ಲಿ ಅವಳು ಮಾಡಿದ ಕಾನೂನು ಒಂದೇ. ಯಾರೂ ‘ಊ’ ಅನ್ನುವ ಹಾಗಿಲ್ಲ. ಬರುತ್ತೀಯಾ ಅಂದರೆ ಬರ್ತೀನಿ ಅನ್ನಬೇಕು, ಊಟ ಆಯ್ತಾ ಅಂದರೆ ಆಯ್ತು ಅನ್ನಬೇಕು. ಮರೆತು ಅಂದರೆ “ಎಷ್ಟು ಮೊಳ?” ಅಂತ ಕೇಳುತ್ತಿದ್ದಳು. ನಾವು ನಗುತ್ತಿದ್ದೆವು. ಆದರೆ ಆ ಕಾನೂನು ನನ್ನನ್ನು ಒಂದು ಸಲ ಉಳಿಸಿತು. ನಾಗಮಂಗಲದ ಕಡೆಯಿಂದ ನನ್ನನ್ನು ನೋಡಲು ಬಂದಿದ್ದರು. ಒಳ್ಳೆಯ ಮನೆತನ, ಅಪ್ಪನಿಗೂ ಇಷ್ಟ. ಒಪ್ಪಿಗೆಯಾ ಅಂತ ಎಲ್ಲರ ಮುಂದೆ ಕೇಳಿದಾಗ ತಲೆ ತಗ್ಗಿಸಿ ‘ಊ’ ಅಂದೆ. ಹೂವಿನಮ್ಮ ಕಾಫಿ ಲೋಟ ಜೋಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

“ಅದ್ಯಾವ ಊ ಅಮ್ಮಿ? ಒಪ್ಪಿದ್ರೆ ಒಪ್ದೆ ಅನ್ನು. ಇಲ್ದಿದ್ರೆ ಇಲ್ಲ ಅನ್ನು. ಯಾರೂ ನಿನ್ನ ತಿನ್ನಕಿಲ್ಲ.”

ನನ್ನ ಬಾಯಿಗೆ ‘ಒಪ್ಪಿದೆ’ ಬರಲಿಲ್ಲ. ‘ಇಲ್ಲ’ ಬಂತು. ಬಂದವರು ಬೇಸರ ಮಾಡಿಕೊಂಡು ಹೋದರು. ಅಪ್ಪ ಎರಡು ದಿನ ಅವಳ ಜೊತೆ ಮಾತು ಬಿಟ್ಟ. ಮೂರನೆಯ ದಿನ ಅವಳೇ ಹೋಗಿ, “ಮುಂದ್ಕಾ, ಇಂದ್ಕಾ?” ಅಂತ ಕೇಳಿದಳು. ಅವನಿಗೆ ನಗು ತಡೆಯಲಾಗಲಿಲ್ಲ. ಎರಡು ವರ್ಷದ ಮೇಲೆ ನಾನು ಬಾಯಿಬಿಟ್ಟು ‘ಒಪ್ಪಿದೆ’ ಅಂದವನ ಜೊತೆ ನನ್ನ ಮದುವೆಯಾಯಿತು. ನಮ್ಮೂರಲ್ಲೇ, ಅಪ್ಪನ ಮನೆಯಿಂದ ಎರಡು ಬೀದಿ ಆಚೆ ಇದ್ದೇನೆ.

ಆರು ವರ್ಷ ಅವರಿಬ್ಬರೂ ಒಟ್ಟಿಗಿದ್ದರು. ಈ ವರ್ಷ ಅವಳ ಹೊಟ್ಟೆಯಲ್ಲಿ ಗಡ್ಡೆ ಅಂದರು. ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ಮೂರು ವಾರ ಇಟ್ಟುಕೊಂಡರು. ಆಮೇಲೆ ಡಾಕ್ಟರು ಅಪ್ಪನನ್ನು ಹೊರಗೆ ಕರೆದು, ಮನೆಗೆ ಕರೆದುಕೊಂಡು ಹೋಗುವುದಾದರೆ ಹೋಗಬಹುದು ಅಂತ ಮೆಲ್ಲಗೆ ಹೇಳಿದರು. ಅಪ್ಪ ಒಳಗೆ ಬಂದು ಮಂಚದ ಪಕ್ಕ ನಿಂತ. ಅವಳಿಗೆ ಮಾತಾಡಲು ಉಸಿರು ಸಾಲುತ್ತಿರಲಿಲ್ಲ.

“ಮನೆಗೋಗವಾ?” ಅಂತ ಕೇಳಿದ.

ಅವಳು ಕಣ್ಣು ಬಿಟ್ಟು ಅವನನ್ನು ನೋಡಿದಳು. “ಊ” ಅಂದಳು.

ಅಷ್ಟು ವರ್ಷದಲ್ಲಿ ತನ್ನ ಕಾನೂನನ್ನು ಅವಳು ಮುರಿದದ್ದು ಅದೊಂದೇ ಸಲ. ಅಪ್ಪ ನನಗೂ ಹೇಳದೆ ಹೊರಗೆ ಹೋದ. ಬಿಡುಗಡೆಯ ಕಾಗದಕ್ಕೆ ಸಹಿ ಹಾಕಲು ಹೋದ ಅಂದುಕೊಂಡೆ. ಸಹಿಯನ್ನೂ ಹಾಕಿದ್ದ. ಆದರೆ ಬರುವಾಗ ಕೈಯಲ್ಲಿ ಎಲೆಯ ಪೊಟ್ಟಣ ಇತ್ತು. ಈ ಸಲ ಅವನು ತಪ್ಪು ಮಾಡುವುದಕ್ಕೆ ತಯಾರಿರಲಿಲ್ಲ. ಆ ‘ಊ’ಗೆ ಇದ್ದ ಎರಡು ಅರ್ಥವನ್ನೂ ನಡೆಸಿಕೊಟ್ಟಿದ್ದ.

ಪೊಟ್ಟಣ ಬಿಚ್ಚಿದ. ಒಂದು ಮೊಳ ಮಲ್ಲಿಗೆ. ಟೈರು ಬಿಚ್ಚಿ ಬಿಚ್ಚಿ ಒರಟಾದ ಬೆರಳಲ್ಲಿ ಅದನ್ನು ಎತ್ತಿ ಹಿಡಿದ. “ಮುಡುಸ್ಲಾ?” ಅಂದ.

ಹೂವಿನಮ್ಮ ಹೂವನ್ನು ನೋಡಿದಳು. “ಯಾರು ಕೊಟ್ಟೋರು? ನಾಕ್ ಬೆರಳ್ ಕಮ್ಮಿ ಅದೆ” ಅಂದಳು. ನಡುವೆ ಎರಡು ಸಲ ಉಸಿರು ತೆಗೆದುಕೊಂಡಳು. ಆಮೇಲೆ ಅವನ ಕಡೆಗೆ ತಲೆ ವಾಲಿಸಿದಳು. ಹೂವು ಸಿಕ್ಕಿಸಲು ಅವನಿಗೆ ಬರುತ್ತಿರಲಿಲ್ಲ. ನಾನು ಪಿನ್ನು ಕೊಟ್ಟೆ.

ಮನೆಗೆ ಬಂದ ಮೇಲೆ ಹನ್ನೊಂದು ದಿನ ಇದ್ದಳು. ಹನ್ನೊಂದು ದಿನವೂ ಅಪ್ಪ ಬೆಳಿಗ್ಗೆ ಹೊಸ ಹೂವು ಮುಡಿಸಿದ. ಹಳೆಯದನ್ನು ಕೀಳುತ್ತಿರಲಿಲ್ಲ. ಪಿನ್ನು ಬಿಚ್ಚಿ, ಒಂದು ಕೂದಲೂ ಎಳೆಯದ ಹಾಗೆ ಬಿಡಿಸಿ ತೆಗೆಯುತ್ತಿದ್ದ. ಹನ್ನೆರಡನೆಯ ದಿನ ಬೆಳಿಗ್ಗೆ ಅವನು ಹೂವು ತರಲು ಹೋಗಿದ್ದಾಗ ಅವಳು ಹೋಗಿಬಿಟ್ಟಿದ್ದಳು. ತಲೆಯಲ್ಲಿ ಹಿಂದಿನ ದಿನದ ಹೂವು ಇತ್ತು. ನೆರೆಯ ಹೆಂಗಸರು ಬಂದು ಮಡಕೆಯ ಹೊಸ ನೀರಿನಲ್ಲಿ ಮೀಯಿಸಿ, ಆ ಹೂವಿನ ಮೇಲೆ ಇನ್ನಷ್ಟು ಹೂವು ಮುಡಿಸಿದರು. ಗಂಡನಿರುವವಳು ಹೋದರೆ ಹಾಗೆಯೇ ಕಳಿಸುವುದು ನಮ್ಮಲ್ಲಿ. ಅವಳ ತಲೆಯಿಂದ ಯಾರೂ ಏನನ್ನೂ ಕೀಳಲಿಲ್ಲ.

ಈಗ ಗುರುವಾರ ಸಂಜೆ ನಾನು ಅಪ್ಪನ ಮನೆಯಲ್ಲಿ ಕೂತು ಶುಕ್ರವಾರಕ್ಕೆ ಹೂವು ಕಟ್ಟುತ್ತೇನೆ. ನನಗೆ ಅವಳಷ್ಟು ಬೇಗ ಬರುವುದಿಲ್ಲ, ದಾರ ಹೆಬ್ಬೆರಳಿಂದ ಜಾರುತ್ತದೆ. ಗೋಡೆಯ ಮೇಲೆ ಎರಡು ಫೋಟೋ ಇವೆ. ನನ್ನ ಕೈ ಉದ್ದವೇ ಇದ್ದರೂ ಎರಡಕ್ಕೂ ನಾಲ್ಕು ಬೆರಳು ಸೇರಿಸುತ್ತೇನೆ. ಅಪ್ಪ ಬಾಗಿಲಲ್ಲಿ ನಿಂತು, “ಕಟ್ಟುದ್ಯಾ ಅಮ್ಮಿ?” ಅಂತ ಕೇಳುತ್ತಾನೆ.

“ಕಟ್ಟಿದ್ದೀನಿ ಕಣಪ್ಪ” ಅನ್ನುತ್ತೇನೆ. ‘ಊ’ ಅನ್ನುವುದಿಲ್ಲ. ಆ ಮಾತನ್ನು ನಾವಿಬ್ಬರೂ ಅವಳಿಗೇ ಬಿಟ್ಟುಕೊಟ್ಟಿದ್ದೇವೆ.