ನಮ್ಮ ಮನೆತನದ ಮೌನಪ್ಪ

ಮೊನ್ನೆ ಬೀದರಿನ ನಮ್ಮ ಓಣಿಗೆ ಒಬ್ಬ ಹೆಳವ ಬಂದಿದ್ದ. ಎತ್ತಿನ ಮೇಲಲ್ಲ, ಮೋಟಾರ್ ಸೈಕಲ್ಲಿನ ಮೇಲೆ. ಮನೆತನಗಳ ವಂಶಾವಳಿ ಬರೆದಿಟ್ಟುಕೊಂಡು, ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಬಂದು, ಮುತ್ತಜ್ಜನ ಮುತ್ತಜ್ಜನಿಂದ ಹಿಡಿದು ಹೆಸರು ಹೇಳಿ, ಕೊಟ್ಟಷ್ಟು ಕಾಳು ಇಸಿದುಕೊಂಡು ಹೋಗುವ ಜನ ಇವರು. ಆತ ಪಕ್ಕದ ಮನೆಯ ಕಟ್ಟೆಯ ಮೇಲೆ ಕೂತು ಅವರ ವಂಶ ಹೊಗಳತೊಡಗಿದ. ನಾನು ಅಡುಗೆಮನೆಯಲ್ಲಿ ಕಿವಿಗೊಟ್ಟು ನಿಂತೆ, ಒಲೆಯ ಮೇಲಿನ ಹಾಲು ಉಕ್ಕಿಹೋಯಿತು. ಹೆಳವರ ದನಿ ಕೇಳಿದರೆ ನನಗೆ ಹೀಗೇ ಆಗುತ್ತದೆ. ಒಬ್ಬ ಹೆಳವನ ಮಾತಿನಿಂದಲೇ ನನ್ನ ಮದುವೆ ಮುರಿದಿತ್ತು ನೋಡಿ.

ಹೆಳವ ಬರೀ ನೆಪ, ಮುರಿದವಳು ಅಕ್ಕ. ಅವಳನ್ನು ಭಾಲ್ಕಿ ತಾಲೂಕಿನ ಭಾತಂಬ್ರಾಕ್ಕೆ ಕೊಟ್ಟಿತ್ತು, ನಮ್ಮ ಸೋದರಮಾವನಿಗೇ. ಅಂದರೆ ಅವ್ವನ ತವರೇ ಅಕ್ಕನಿಗೆ ಗಂಡನ ಮನೆ. ಅವ್ವನ ತಾಯಿ, ನಾವು ಆಯಿ ಎನ್ನುತ್ತಿದ್ದವಳು, ಅಕ್ಕನಿಗೆ ಅತ್ತೆ. ನಮ್ಮ ಕಡೆ ಇದರಲ್ಲಿ ವಿಶೇಷವೇನಿಲ್ಲ. ಕಿರಿಯ ಸೋದರಮಾವನಿಗೆ ನನ್ನನ್ನು ಕೊಡುವುದೆಂದು ನಾನು ಸಾಲೆಗೆ ಹೋಗುವಾಗಲೇ ಮಾತಾಗಿತ್ತು. ನನಗೂ ಬೇಡವಾಗಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಆತನಿಗೊಂದು ಹಸಿರು ಸೈಕಲ್ ಇತ್ತು. ಔರಾದಿನ ನಮ್ಮ ಮನೆಗೆ ಬಂದಾಗಲೆಲ್ಲ ಬಾಗಿಲಲ್ಲಿ ಅದರ ಗಂಟೆಯನ್ನು ಎರಡು ಸಲ ಬಾರಿಸುತ್ತಿದ್ದ. ನಾನು ಆ ಗಂಟೆಗೇ ಅರ್ಧ ಮದುವೆಯಾಗಿಬಿಟ್ಟಿದ್ದೆ.

ಅಷ್ಟರಲ್ಲಿ ಸಾಲು ಹಿಡಿದು ಬರ ಬಿತ್ತು. ಹೊಲದಲ್ಲಿ ಜೋಳ ಮೊಣಕಾಲೆತ್ತರಕ್ಕೇ ಒಣಗಿತು, ಬಾವಿಯ ತಳ ಕಂಡಿತು, ಓಣಿಯಲ್ಲಿ ಅರ್ಧಕ್ಕರ್ಧ ಮನೆಗೆ ಕೀಲಿ. ಅಕ್ಕ ಮತ್ತು ಮಾವ ಹೈದರಾಬಾದಿನ ಕಡೆ ಕಲ್ಲು ಒಡೆಯುವ ಮಶೀನಿನ ಕೆಲಸಕ್ಕೆ ಹೋದರು. ಅಕ್ಕ ಆಗ ಬಸುರಿ. ಊರಿಗೆ ಬಂದು ಹಡೆದ ಮಗಳೇ ಗಂಗಾ. ಎರಡು ವರ್ಷ ತುಂಬುವವರೆಗೂ ನಮಗೆ ಗೊತ್ತಾಗಲಿಲ್ಲ. ಅಕ್ಕ ಹಿಂದಿನಿಂದ ಕೂಗುತ್ತಿದ್ದಳು, ಹುಡುಗಿ ತಿರುಗುತ್ತಿರಲಿಲ್ಲ. ಹಟಮಾರಿ ಎಂದೆವು. ಒಂದು ದಿನ ಬೆನ್ನ ಹಿಂದೆಯೇ ತಾಮ್ರದ ಕೊಡ ಬಿದ್ದು ಉರುಳಿದರೂ ಮಗು ಆಟದಿಂದ ತಲೆ ಎತ್ತಲಿಲ್ಲ. ಆಗ ತಿಳಿಯಿತು.

ಆಯಿ ತೀರ್ಪು ಕೊಟ್ಟುಬಿಟ್ಟಳು. "ಮಶೀನಿನ ಸಪ್ಪಳದಾಗ ಬಸುರಿ ಹೆಂಗಸು ಕೂಡ್ತಾಳೇನು? ಹೊಟ್ಯಾಗೇ ಕೂಸಿನ ಕಿವಿ ಹೋಗ್ಯಾವ. ಇಕೀದೇ ತಪ್ಪು."

ಆಯಿ ಹೇಳಿದ್ದನ್ನು ಓಣಿ ಹೇಳಿತು, ಓಣಿ ಹೇಳಿದ್ದನ್ನು ಊರು ಹೇಳಿತು. ನೀರಿಗೆ ಹೋದಲ್ಲಿ, ಸಂತೆಗೆ ಹೋದಲ್ಲಿ ಅಕ್ಕನಿಗೆ ಅದೇ ಮಾತು. ಬರಗಾಲದಲ್ಲಿ ಆ ಮನೆಗೆ ಕಾಳು ತಂದದ್ದು ಅದೇ ಮಶೀನು ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ನನಗೆ ಈಗಲೂ ಅದಕ್ಕೆ ಸಿಟ್ಟು ಬರುತ್ತದೆ.

ಅಕ್ಕ ಗಂಗಾಳನ್ನು ಕಂಕುಳಲ್ಲಿ ಎತ್ತಿಕೊಂಡು ಬೀದರಿನ ಡಾಕ್ಟರ ಹತ್ತಿರ ಹೋದಳು, ಜೊತೆಗೆ ನಾನು. ವಯಸ್ಸಾದ, ಸಾವಧಾನದ ಮನುಷ್ಯ. "ಸಪ್ಪಳದಿಂದ ಆಗಿದ್ರ ಮೊದಲ ನಿಮ್ಮ ಕಿವೀನೇ ಹೋಗ್ತಿದ್ದುವ್ರಿ. ನಿಮಗ ಛಂದ ಕೇಳಸ್ತದಲ್ಲ," ಎಂದರು. ಗಂಡ ಏನಾಗಬೇಕು ಎಂದು ಕೇಳಿದರು. ಸೋದರಮಾವ ಎಂದಳು. ಅವರು ತಲೆಯಾಡಿಸಿ ಬಿಡಿಸಿ ಹೇಳಿದರು. ವಂಶವಾಹಿಗಳು ಜೋಡಿಯಾಗಿ ಇರುತ್ತವಂತೆ, ತಾಯಿಯಿಂದ ಒಂದು, ತಂದೆಯಿಂದ ಒಂದು. "ಮನ್ಯಾಗ ಎರಡು ಕಂದೀಲು ಇದ್ದಂಗ ತಿಳೀರಿ. ಒಂದು ಕೆಟ್ರೂ ಇನ್ನೊಂದು ಉರೀತದ, ಕೆಟ್ಟದ್ದು ಯಾರಿಗೂ ತಿಳಿಯಂಗಿಲ್ಲ. ನಿಮ್ಮಲ್ಲೂ ಒಂದು ಕೆಟ್ಟಿರಬೇಕು, ನಿಮ್ಮ ಯಜಮಾನರಲ್ಲೂ ಒಂದು. ಕೂಸಿಗಿ ಎರಡೂ ಕೆಟ್ಟವೇ ಬಂದಾವ." ಒಂದೇ ರಕ್ತದವರು ಮದುವೆಯಾದರೆ ಇಬ್ಬರಲ್ಲೂ ಅದೇ ಒಂದು ಕೆಟ್ಟಿರುವ ಸಂಭವ ಹೆಚ್ಚು, ಆದರೂ ಹುಟ್ಟುವ ಪ್ರತಿ ಮಗುವಿಗೆ ನಾಲ್ಕರಲ್ಲಿ ಒಂದು ಪಾಲು ಮಾತ್ರ ಹೀಗಾಗುವುದು. "ಯಾರ ತಪ್ಪೂ ಅಲ್ಲ. ಹಿಂದ ನಿಮ್ಮ ಮನೆತನದಾಗ ಯಾರಿಗರ ಹಿಂಗಿತ್ತೇನು, ಕೇಳಿ ಬರ್ರಿ," ಎಂದರು.

"ನಮ್ಮ ಮನ್ಯಾಗ ಅಂಥವ್ರು ಯಾರೂ ಇಲ್ಲ," ಎಂದಳು ಆಯಿ. ನೂರು ಸಲ ಕೇಳಿದರೂ ಅದೇ. ಅಕ್ಕನೂ ಬಿಡುವವಳಲ್ಲ, ಅದೇ ಆಯಿಯ ಮೊಮ್ಮಗಳು.

ಆ ಬರದಲ್ಲೂ ಹೆಳವ ಬಂದ. ಅವನೂ ಬಡಕಲು, ಎತ್ತೂ ಬಡಕಲು. ನಾನು ಆಗ ಭಾತಂಬ್ರಾದಲ್ಲೇ ಇದ್ದೆ. ಅಕ್ಕ ಮೊದಲು ಅವನ ಜೋಳಿಗೆಗೆ ಜೋಳ ಹಾಕಿದಳು, ಆಮೇಲೆ ಎದುರಿಗೆ ಕೂತಳು. ಆತ ಹೆಸರು ಹೇಳುತ್ತ ಬಂದು ನಮ್ಮಜ್ಜನ ದೊಡ್ಡಪ್ಪನಿಗೆ ಮುಟ್ಟಿದ. ಆತನೇ ಮೌನಪ್ಪ, ಹುಟ್ಟಿದಾಗಿನಿಂದ ಮೌನವ್ರತ ಹಿಡಿದ ಮಹಾನುಭಾವ. ಹೊಲದಲ್ಲಿ ಅವನ ಗದ್ದುಗೆ ಇದೆ. ಮನೆಯವರೆಲ್ಲ ಅವನ ಹೆಸರಿಗೆ ಕೈ ಮುಗಿಯುತ್ತಿದ್ದೆವು. ಪರೀಕ್ಷೆಗೆ ಮೊದಲು ನಾನೂ ಅಲ್ಲಿ ಕಾಯಿ ಒಡೆದಿದ್ದೆ. ಗಣಿತದಲ್ಲಿ ಫೇಲಾದದ್ದು ಬೇರೆ ಮಾತು.

"ಹುಟ್ಟಿದ ಕೂಸು ವ್ರತ ಹ್ಯಾಂಗ ಹಿಡೀತದ್ರಿ?" ಅಕ್ಕ ಕೇಳಿದಳು. "ಆತಗ ಕಿವಿ ಕೇಳಸ್ತಿತ್ತಾ?"

ಹೆಳವ ಪುಸ್ತಕ ಮಡಚಿದ. "ನಾವು ಮನೆತನ ಹೊಗಳವ್ರು ತಾಯಿ. ಕುಂದು ಹೇಳೋದು ನಮ್ಮ ಕೆಲಸ ಅಲ್ರಿ."

"ಕುಂದು ಅಂತ ಯಾರಂದ್ರು? ಇಲ್ಲೇ ಕುಂತಾಳಲ್ಲ ನನ್ನ ಮಗಳು. ಆಕಿ ಕುಂದೇನ್ರಿ?"

ಆತ ಗಂಗಾಳನ್ನು ನೋಡಿದ, ಆಯಿಯನ್ನು ನೋಡಿದ. "ನಿಮ್ಮತ್ತಿಯವ್ರಿಗೇ ಕೇಳ್ರಿ. ಆತಗ ಉಣ್ಣಾಕ ನೀಡಿದವ್ರು ಅವರೇ."

ಆಯಿ ಕಂಬಕ್ಕೆ ಒರಗಿ ಕೂತಳು. "ನಾ ಲಗ್ನಾಗಿ ಬಂದಾಗ ಆತ ಮುದುಕ ಆಗಿದ್ದ. ಎದುರಿಗಿ ಹೋಗಿ ಕೈ ಮಾಡಿ ಕರೀತಿದ್ನಿ. ಹಿಂದಿನಿಂದ ಕರದ್ರ ತಿರಗ್ತಿರಲಿಲ್ಲ. ಮಂದಿಗಿ ಗೊತ್ತಾದ್ರ ನಮ್ಮ ಮನಿಗಿ ಯಾರೂ ಹೆಣ್ಣು ಕೊಡಂಗಿಲ್ಲ ಅಂತ ನಮ್ಮತ್ತಿ ಬಾಯಿ ಮುಚ್ಚಸಿದ್ಳು." ಅಕ್ಕನ ಕಡೆ ತಿರುಗಿ, "ನಿನ್ನ ತಪ್ಪಲ್ಲವ್ವ," ಎಂದಳು. ಅಕ್ಕ ಅಳಲಿಲ್ಲ. ನಾನು ಅತ್ತುಬಿಟ್ಟೆ.

ಮರುದಿನ ಬೆಳಿಗ್ಗೆಯೇ ಅಕ್ಕ ನನ್ನನ್ನು ಕರೆದುಕೊಂಡು ಔರಾದಿನ ಬಸ್ಸು ಹತ್ತಿದಳು. "ಇಕೀನ ಆ ಮನಿಗಿ ಕೊಡಬ್ಯಾಡ್ರಿ," ಎಂದಳು. ಅವ್ವ ಕೂಗಾಡಿದಳು, ಅಪ್ಪ ಎದ್ದು ಹೊರಗೆ ಹೋದ. ಅಕ್ಕ ಎರಡು ದಿನ ಜಾಗ ಬಿಟ್ಟು ಕದಲಲಿಲ್ಲ. "ನನ್ನ ಮಗಳಂಥವ್ರು ಬ್ಯಾಡ ಅಂತಲ್ಲ. ಗೊತ್ತಿದ್ದೂ ಗೊತ್ತಿಲ್ಲದಂಗ ಮಾಡೋದು ಬ್ಯಾಡ. ನಾಳೆ ಇಕೀಗೂ ತಪ್ಪು ಹೊರಸ್ತಾರ." ಕೊನೆಗೆ ಮದುವೆ ನಿಂತಿತು. ನಾನು ಸೈಕಲ್ ಗಂಟೆ ನೆನೆಸಿ ಅತ್ತು, ಅಕ್ಕನ ಜೊತೆ ಒಂದು ವರ್ಷ ಮಾತು ಬಿಟ್ಟೆ. ನಮ್ಮ ಮನೆತನದಲ್ಲಿ ನಿಜವಾಗಿ ಮೌನವ್ರತ ಹಿಡಿದವಳು ನಾನೊಬ್ಬಳೇ.

ಇದೆಲ್ಲ ನೆನಪಾಗಿ ಮನಸ್ಸು ತಡೆಯದೆ ಆದಿತ್ಯವಾರ ಭಾಲ್ಕಿಗೆ ಹೋದೆ. ಅಕ್ಕ ಈಗ ಅಲ್ಲಿ ಗಂಗಾಳ ಜೊತೆಗಿದ್ದಾಳೆ. ಗಂಗಾ ಹೊಲಿಗೆ ಕಲಿಸುತ್ತಾಳೆ. ಅವಳ ಗಂಡನಿಗೂ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ, ಆದರೆ ನಮ್ಮ ಸಂಬಂಧದವನಲ್ಲ. ಅವಳಿಗೀಗ ಆರು ತಿಂಗಳು. ಗಂಡ ಹೆಂಡತಿ ಇಬ್ಬರದೂ ರಕ್ತ ಪರೀಕ್ಷೆ ಮಾಡಿಸುತ್ತಾರಂತೆ. ಇಬ್ಬರಲ್ಲಿ ಕೆಟ್ಟಿರುವ ವಂಶವಾಹಿ ಬೇರೆ ಬೇರೆಯಾಗಿದ್ದರೆ ಮಗುವಿಗೆ ಕೇಳಿಸುತ್ತದೆ. ಒಂದೇ ಆಗಿದ್ದರೆ ಇಲ್ಲ.

"ಕೇಳಸಂಗಿಲ್ಲ ಅಂತ ಬಂದ್ರ ಏನ್ ಮಾಡ್ತೀರಿ?" ಎಂದೆ. ಕೇಳಿದ್ದು ಅಕ್ಕನನ್ನು, ಗಂಗಾಳನ್ನಲ್ಲ.

ಗಂಗಾ ನನ್ನ ತುಟಿ ಓದಿಬಿಟ್ಟಿದ್ದಳು. ಅವಳ ಕೈಗಳು ಸರಸರ ಆಡಿದವು. ನನಗೆ ಒಂದಕ್ಷರ ತಿಳಿಯಲಿಲ್ಲ. ಮೂವತ್ತು ವರ್ಷ ನಕ್ಕು ತಲೆಯಾಡಿಸಿಯೇ ಸಾಗಹಾಕಿದ ಚಿಗವ್ವ ನಾನು. ನಾಚಿಕೆಯಾಯಿತು.

ಅಕ್ಕ ಬಾಯಲ್ಲಿ ಹೇಳಿದಳು. "ಮೊದಲನೇ ದಿನದಿಂದ ಅದರ ಎದುರಿಗಿ ಕುಂತು ಕೈಲೆ ಮಾತಾಡ್ತೇನಿ ಅಂತಾಳ. ಅವ್ವಾ, ನೀ ಎರಡು ವರ್ಷ ನನ್ನ ಬೆನ್ನಿಗಿ ಕೂಗಿದಿ, ನನ್ನ ಕೂಸಿಂದು ಆ ಎರಡು ವರ್ಷ ಹೋಗಬಾರದು, ಅದಕ್ಕೇ ಪರೀಕ್ಷೆ ಅಂತಾಳ." ಹೇಳಿ ಮುಗಿಸುವಷ್ಟರಲ್ಲಿ ಅವಳ ದನಿ ಒಡೆಯಿತು. ಅಕ್ಕ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಗಂಗಾ ತಾಯಿಯ ಕಣ್ಣು ಒರೆಸಿದಳು. ಆಮೇಲೆ ನನ್ನ ಬಲಗೈ ಹಿಡಿದು ಒಂದೊಂದೇ ಬೆರಳು ಮಡಚಿದಳು, ಬಿಡಿಸಿದಳು.

"ಏನಂತಾಳ?"

"ನೀ ಅದಕ್ಕ ಆಯಿ ಆಗ್ತಿ. ಇನ್ನ ಮೂರು ತಿಂಗಳ ಅದ, ಕಲಿ ಅಂತಾಳ."

ನಾನು ಮಾಡಿ ತೋರಿಸಿದೆ, ತಪ್ಪಿತು. ಅವಳು ನಕ್ಕು ಬೆರಳು ತಿದ್ದಿದಳು. ಮತ್ತೆ ತಪ್ಪಿದೆ. ಬೀದರಿನ ಕೊನೆಯ ಬಸ್ಸಿಗೆ ಹೊತ್ತಾಯಿತೆಂದು ಅಕ್ಕ ನೆನಪಿಸಿದಳು. ನಾನು ಏಳಲಿಲ್ಲ, ಗಂಗಾಳ ಎದುರಿಗೆ ಸರಿದು ಕೂತು ಮತ್ತೆ ಕೈ ಮುಂದೆ ಮಾಡಿದೆ.