ಗಂಜಿಯ ಜೊತೆ ಕತೆ ಹಚ್ಚುವ ಕುಪ್ಪಮ್ಮ

ಕೊಯಮತ್ತೂರಿನ ಬಳಿಯ ತುಡಿಯಲೂರಿನ ನೇಕಾರರ ಬೀದಿಗೆ ಬಿಸಿಲು ಬೀಳುವ ಮೊದಲೇ, ಮಗ್ಗಕ್ಕೇರಬೇಕಾದ ನಲವತ್ತು ಮೊಳದ ಹಾಸುನೂಲು ಈ ತುದಿಯಿಂದ ಆ ತುದಿಗೆ ಬಿಗಿಯಾಗಿದೆ. ಎರಡೂ ಬದಿ ನಿಂತ ಹತ್ತು ಹೆಂಗಸರು ನೂಲಿಗೆ ಗಂಜಿ ಹಚ್ಚುತ್ತಿದ್ದಾರೆ. ಕೈ ಹತ್ತು ಮಂದಿಯದು, ಬಾಯಿ ಒಬ್ಬಳದು. ನಲವತ್ತು ದಾಟಿದ ಕುಪ್ಪಮ್ಮ ಕತೆ ಹೇಳುತ್ತಿದ್ದಾಳೆ. ಅವಳ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನೂ ನಿಂತು ಕೇಳುತ್ತಿದ್ದೇನೆ.

ಓದಿರುವುದು ತಮಿಳಿನಲ್ಲಿ ಮೂರನೇ ಕ್ಲಾಸು. ಗಂಡ ನಂಜಪ್ಪನ್ ನೇಯ್ದ ಸೀರೆಗಳನ್ನು ಕೊಯಮತ್ತೂರಿಗೆ ಕೊಟ್ಟು ಬರುವಾಗ ಹಳೆಯ ತಮಿಳು ವಾರಪತ್ರಿಕೆ ತರುತ್ತಾನೆ. ಪೈಕಾರ ಜಲಪಾತದ ಕರೆಂಟು ಅಲ್ಲಿನ ಗಿರಣಿಗಳಿಗೆ ಬಂದಿದೆ, ಈ ಬೀದಿಗೆ ಇನ್ನೂ ಬುಡ್ಡಿದೀಪವೇ. ಅದರ ಮುಂದೆ ಸಂಜೆ ಅಕ್ಷರ ಕೂಡಿಸಿ ಓದಿದ್ದು ಬೆಳಿಗ್ಗೆ ಮನೆಮಾತಿನ ಕನ್ನಡವಾಗುತ್ತದೆ. ಹನ್ನೊಂದು ವರ್ಷದಿಂದ ಇದೇ ನಡೆದಿದೆ.

"ರಾಣಿ ಕತೆ ಅಂದ್ರೆ ಆಕಳಿಸ್ತಾರೆ ಸಾಮಿ. ಕತೇಲಿ ನಮ್ಮಂಥವಳು ಬಂದ್ರೆ ಕಿವಿ ಇತ್ಲಾಗೆ ತಿರುಗ್ತದೆ," ಎನ್ನುತ್ತಾಳೆ ಕುಪ್ಪಮ್ಮ ನನಗೆ.

ಹೋದ ತಿಂಗಳ ಕತೆಯಲ್ಲಿ ನೇಕಾರ ವಿಧವೆಯೊಬ್ಬಳು ಅಮಾವಾಸ್ಯೆಯಂದು ಮಗ್ಗಕ್ಕೆ ಕೂತಳು. ಬೀದಿಯೆಲ್ಲ ನಕ್ಕಿತು. ಅಮಾವಾಸ್ಯೆಯ ದಿನ ಇಲ್ಲಿ ಯಾರೂ ಲಾಳಿ ಮುಟ್ಟುವುದಿಲ್ಲ. ಮುಟ್ಟಿದವರಿಗೆ ಬೀದಿಯ ಯಜಮಾನ ನೂಲು ಕೊಡುವುದನ್ನೇ ನಿಲ್ಲಿಸುತ್ತಾನೆ. "ಬರ್ದೋನು ಮಗ್ಗದಲ್ಲಿ ಕಾಲಿಳಿಬಿಡೋ ಗುಂಡಿನೇ ಕಂಡಿಲ್ಲ," ಎಂದಳು ಒಬ್ಬಳು. ಕುಪ್ಪಮ್ಮನಿಗೂ ಹಾಗೇ ಅನ್ನಿಸಿತು. "ಸರಿ, ಮರುದಿನ ಕೂತಳು ಅಂತ ಇಟ್ಕೊಳಿ," ಎಂದು ತಿದ್ದಿದಳು.

ವರ್ಷಗಟ್ಟಲೆ ತುಟಿ ಬಿಚ್ಚದ ವಿಧವೆ ಅಂಗಮ್ಮ ಆಗ ಕೈ ನಿಲ್ಲಿಸಿದಳು.

"ತಿದ್ಬೇಡಕ್ಕ. ನಮ್ಮ ಮನೆಯವ್ರು ತೀರ್ಕೊಂಡ ವರ್ಷ ಅಮಾಸೆಲಿ ನಾನೂ ನೇಯ್ದಿದೀನಿ, ಕದ ಮುಚ್ಕೊಂಡು. ಮಕ್ಕಳು ಹಸಿದಿದ್ವು. ಸದ್ದು ಕೇಳ್ಬಾರ್ದು ಅಂತ ಲಾಳಿ ಬಡಿಯೋ ಕಡೆ ಹಳೇ ಬಟ್ಟೆ ತುರುಕಿದ್ದೆ."

ಎಲ್ಲರ ಕಣ್ಣೂ ಯಜಮಾನನ ಹೆಂಡತಿ ಕಾಮಾಕ್ಷಿಯಮ್ಮನ ಮೇಲೆ. ಮಾತು ಆ ಮನೆ ಮುಟ್ಟಿದರೆ ಅಂಗಮ್ಮನ ಮಗ್ಗ ಖಾಲಿ. ಕಾಮಾಕ್ಷಿಯಮ್ಮ ಕೈಬಟ್ಟೆಯನ್ನು ಮತ್ತೆ ಗಂಜಿಗೆ ಅದ್ದಿದಳು.

"ನೂಲು ಒಣಗ್ತದೆ, ನಿಂತ್ಕೋಬೇಡಿ. ಪಾಪ, ಅವಳು ಅಮಾಸೆ ದಿನಾನೇ ಕೂತಳು. ಮುಂದಕ್ಕೆ ಹೇಳು ಕುಪ್ಪೂ."

ಆ ಕತೆಯನ್ನು ಹೆಂಗಸರು ಈಗ ಪದೇ ಪದೇ ಹೇಳಿಸುತ್ತಾರೆ, ನಡುನಡುವೆ ತಮ್ಮದನ್ನೂ ಸೇರಿಸುತ್ತಾರೆ. "ಬರ್ದೋರು ಯಾರೋ, ಯಾವ ಊರೋ. ನಮ್ಮ ಅಂಗಮ್ಮನ ಬಾಯಿ ಬಿಡಿಸ್ಬಿಟ್ರು. ನಾನು ಸುಮ್ಮನೆ ನಡುವೆ ನಿಂತೋಳು," ಎನ್ನುತ್ತಾಳೆ ಕುಪ್ಪಮ್ಮ. ಹಾಗೆ ನಿಲ್ಲುವವರೇ ಅಪರೂಪ ಎಂದು ನನಗನ್ನಿಸಿತು.

ಹೊರಡುವ ಮುಂಚೆ ಅಂಗಮ್ಮನನ್ನು ಕೇಳಿದೆ, ಹೆಸರು ಹಾಕಿ ಬರೆಯಬಹುದೇ ಎಂದು. ಅವಳು ನೂಲಿನಿಂದ ಕಣ್ಣೆತ್ತಲಿಲ್ಲ.

"ಬರೀರಿ ಸಾಮಿ. ಕದ ಮುಚ್ಕೊಂಡು ನೇಯ್ದದ್ದು ಸಾಕು."