ಮಗ್ದಲೇನಾ ತಾಯಿಯ ಕೆಂಪು ಅಂಗಿ

ಚಿಯಾಪಾಸ್ ಬೆಟ್ಟದ ಆ ಊರಿನಲ್ಲಿ ಮಗ್ದಲೇನಾ ತಾಯಿಯ ಮೂರ್ತಿಗೆ ಅಂಗಿ ತೊಡಿಸುವ ಕೆಲಸ ವೆರುಷಾಳದು. ಬಟ್ಟೆ ಕೈಗೆ ಸಿಕ್ಕರೆ ಅದು ಯಾರ ಮಗ್ಗದ್ದೆಂದು ಸವರಿಯೇ ಹೇಳುತ್ತಿದ್ದಳು. ತಾಯಿಯ ಅಂಗಿಗಳ ಪೆಟ್ಟಿಗೆ ಕಾಯುವ ಪಾಳಿ ಮಾತ್ರ ವರ್ಷಕ್ಕೊಂದು ಮನೆಗೆ.

ಆ ವರ್ಷ ಪಾಳಿ ಪಾಷ್ಕು ಎಂಬವಳದು. ಅದು ಮುಗಿದ ದಿನ ಅಂಗಿ ಒಗೆಯಲು ಹೆಂಗಸರೆಲ್ಲ ಒರತೆಯ ಬಳಿ ಸೇರಿದರು. ವೆರುಷಾ ತನ್ನ ಅವ್ವ ನೇಯ್ದ ಕೆಂಪು ಅಂಗಿಯನ್ನು ಅದ್ದಿದಳು. ನೀರು ನಸುಗೆಂಪಾಯಿತು. ನಲವತ್ತು ವರ್ಷ ಒಗೆದ ಅಂಗಿ ಈಗೇಕೆ ಬಣ್ಣ ಬಿಡಬೇಕು?

ಒಳಮೈ ತಿರುವಿದಳು. ಹೊಲಿದು ಜೋಡಿಸಿದ ಮೂರು ಬಟ್ಟೆಪಟ್ಟಿಗಳಿಗೂ ಕತ್ತರಿ ಸೋಕಿರಲಿಲ್ಲ. ಸೊಂಟಕ್ಕೆ ಮಗ್ಗ ಕಟ್ಟಿಕೊಂಡು ನೇಯ್ದದ್ದೇ. ಅಡ್ಡ ಎಳೆಯಾದ ಹೊಕ್ಕಿನ ಜೊತೆ ಬೆರಳಿಂದ ಸೇರಿಸಿದ ಬಣ್ಣದ ಎಳೆಗಳಲ್ಲಿ ಕಪ್ಪೆ, ಹಾವು, ಮೆಕ್ಕೆಜೋಳದ ಹೊಲ ಎಲ್ಲ ಇದ್ದವು. ಆದರೆ ಅವ್ವ ಹೊಕ್ಕನ್ನು ಸಡಿಲವಾಗಿ ಬಡಿಯುವವಳು. ಇದು ಹಲಗೆಯಂತೆ ಬಿಗಿ.

ಹೋದ ತಿಂಗಳು ಹಳೆ ಬಟ್ಟೆ ಕೊಳ್ಳುವವನೊಬ್ಬ ಜೀಪಿನಲ್ಲಿ ಬಂದು, ಪಾಷ್ಕುವಿನ ಅಂಗಳದಲ್ಲಿ ಬಹಳ ಹೊತ್ತು ಕೂತು ಹೋಗಿದ್ದ.

"ಅವ್ವನ ಅಂಗಿ ಜೀಪು ಹತ್ತಿದೆ ಕಣೇ," ಎಂದಳು ವೆರುಷಾ ಪಕ್ಕದವಳ ಕಿವಿಯಲ್ಲಿ. ಬಟ್ಟೆ ಹಿಂಡುವಷ್ಟರಲ್ಲಿ ಮಾತು ಎಲ್ಲರನ್ನೂ ಮುಟ್ಟಿತ್ತು.

ಮಧ್ಯಾಹ್ನ ನೇರ ಪಾಷ್ಕುವಿನ ಮನೆಗೆ ಹೋದಳು.

"ಹಳೇದೆಲ್ಲಿ?"

"ಯಾವ ಹಳೇದು, ವೆರುಷಕ್ಕಾ?"

"ನಮ್ಮವ್ವನ ಕೈ ನಂಗೆ ಗೊತ್ತಾಗಲ್ವಾ? ಆ ಜೀಪಿನವನಿಗೆ ಕೊಟ್ಬಿಟ್ಯಾ?"

ಪಾಷ್ಕು ಅಟ್ಟದಿಂದ ಗಂಟೊಂದನ್ನು ತಂದು ಬಿಚ್ಚಿದಳು. ಮೂರೂ ಪಟ್ಟಿಗಳನ್ನು ಇಲಿ ತಿಂದು ಜರಡಿ ಮಾಡಿತ್ತು.

"ಪಾಳಿ ಬಂದ ಎರಡನೇ ತಿಂಗ್ಳೇ ಹಿಂಗಾಯ್ತು. ಹೇಳೋಕೆ ಬಾಯಿ ಬರ್ಲಿಲ್ಲ. ಇದನ್ನೇ ಮುಂದಿಟ್ಕೊಂಡು ಎಳೆ ಎಣಿಸಿ ಎಣಿಸಿ ನೇಯ್ದೆ. ಅವನು ಕೇಳಿದ್ದು ನಿಜ. ಇಲ್ಲ ಅಂದೆ."

ವೆರುಷಾ ಚಿಂದಿಯನ್ನು ಮೂರು ಸಲ ತಿರುವಿದಳು, ಹೊಲಿಗೆ ಮೂಸಿದಳು. ಅವ್ವನದೇ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಬಡಿತ ಒಂಚೂರು ಸಡಿಲ ಇರ್ಬೇಕಿತ್ತು," ಎಂದಷ್ಟೇ ಹೇಳಿದಳು.

ಮರುದಿನ ಅದೇ ಹೆಂಗಸರ ಮುಂದೆ ಚಿಂದಿ ಹರಡಿ, ತನ್ನದೇ ತಪ್ಪೆಂದಳು. ಅವರು ಮುಖ ಮುಖ ನೋಡಿಕೊಂಡರು.

"ನಿನ್ನೆ ಜೀಪು ಹತ್ತಿತು, ಇವತ್ತು ಇಲಿ ತಿಂತು," ಎಂದಳೊಬ್ಬಳು. "ಮಾರಿದ ದುಡ್ಡಲ್ಲಿ ಇವಳಿಗೂ ಪಾಲು ಸಿಕ್ಕಿರ್ಬೇಕು."

ವೆರುಷಾ ಪಾಷ್ಕುವಿನ ಕೈ ಹಿಡಿದು ಗುಡಿಗೆ ಕರೆದೊಯ್ದಳು. ಇಬ್ಬರೂ ಸೇರಿ ತಾಯಿಗೆ ಹೊಸ ಅಂಗಿ ತೊಡಿಸಿದರು. ಆಮೇಲೆ ವೆರುಷಾ ಬದುಕಿದ ಹನ್ನೊಂದು ವರ್ಷವೂ ಪೆಟ್ಟಿಗೆಯ ಹತ್ತಿರ ಅವಳನ್ನು ಒಬ್ಬಳನ್ನೇ ಯಾರೂ ಬಿಡಲಿಲ್ಲ. ಏನಾದರೊಂದು ನೆಪ ಹೇಳಿ ಯಾರೋ ಒಬ್ಬಳು ಪಕ್ಕದಲ್ಲಿ ಕೂತೇ ಇರುತ್ತಿದ್ದಳು.